ಬರಲೇ ಇಲ್ಲದ ಕರೆಗಳು

ಪಾಲಿಟೆಕ್ನಿಕ್ ಮುಗಿಸಿ ನಾನು ಮೊಬೈಲ್ ಕಂಪನಿಯ ಕೆಲಸಕ್ಕೆ ಸೇರಿದಾಗ ವಿಜಯಪುರದ ಅಥಣಿ ರಸ್ತೆಯಲ್ಲಿದ್ದ ನಮ್ಮ ಕಚೇರಿಗೆ ನಾನೊಬ್ಬಳೇ ಹೆಣ್ಣುಮಗಳು. ಮೊದಲ ಮಹಡಿಯಲ್ಲಿ ಯಂತ್ರಗಳ ಕೋಣೆ ಇತ್ತು. ಹೊರಗೆ ಬಿಸಿಲು ಡಾಂಬರು ಕರಗಿಸುತ್ತಿದ್ದರೂ ಒಳಗೆ ಸ್ವೆಟರ್ ಬೇಕಾಗುವಷ್ಟು ತಂಪು. ಗೋಡೆಯುದ್ದಕ್ಕೂ ಕಪಾಟಿನಷ್ಟು ಎತ್ತರದ ಯಂತ್ರಗಳು, ಅವುಗಳ ಹೊಟ್ಟೆಯಿಂದ ಗೊಂಚಲು ಗೊಂಚಲಾಗಿ ಹೊರಬಂದ ತಂತಿಗಳು. ನಮ್ಮ ಭಾಗದ ಯಾವ ಹಳ್ಳಿಯಿಂದ ಯಾರು ಫೋನು ಹಚ್ಚಿದರೂ ಆ ಕರೆ ಈ ಕೋಣೆಯನ್ನು ಹಾದೇ ಮುಂದೆ ಹೋಗುತ್ತಿತ್ತು.

ನನಗೆ ಕೆಲಸ ಕಲಿಸಿದವರು ಘೋಣಸಗಿಯವರು, ನನಗಿಂತ ಹದಿನೈದಿಪ್ಪತ್ತು ವರ್ಷ ಹಿರಿಯರು. ಉಳಿದವರಿಗೆಲ್ಲ ಅವರು ಸರ್. ನನಗೆ ಮೊದಲ ವಾರದಲ್ಲೇ ಅಣ್ಣ ಆದರು. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಸದಾ ಬಾಚಣಿಗೆ, ಸ್ವಲ್ಪ ಜಂಬ, ಬೇಗ ಸಿಟ್ಟು. ದಿನಾ ತಮ್ಮ ಊರಾದ ಘೋಣಸಗಿಯಿಂದ ತಿಕೋಟಾ ಮೇಲೆ ಹಾದು ಬೈಕಿನಲ್ಲಿ ಬರುತ್ತಿದ್ದರು. ಅವರ ಡಬ್ಬಿಯಲ್ಲಿ ನನ್ನ ಪಾಲಿನ ರೊಟ್ಟಿ, ಶೇಂಗಾ ಹಿಂಡಿಯೂ ಇರುತ್ತಿದ್ದವು. ಕಟ್ಟಿ ಕಳಿಸುತ್ತಿದ್ದವರು ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು.

ವೈನಿಯನ್ನು ನಾನು ಕಣ್ಣಾರೆ ನೋಡುವ ಮುಂಚೆ ಬಹಳ ದಿನ ದನಿಯಿಂದಲೇ ಬಲ್ಲೆ. ಅಣ್ಣ ನೌಕರಿಗೆ ಬಂದುಬಿಟ್ಟರೆ ದ್ರಾಕ್ಷಿ ತೋಟದ ಅಷ್ಟೂ ಕೆಲಸ ವೈನಿಯದೇ. ಬಳ್ಳಿ ಕತ್ತರಿಸಿ ಚಾಟಣಿ ಮಾಡುವವರನ್ನು ಕರೆಸುವುದು, ಟ್ಯಾಂಕರ್‌ನವನ ಜೊತೆ ಜಗಳ, ಒಣದ್ರಾಕ್ಷಿ ಶೆಡ್ಡಿನ ಉಸ್ತುವಾರಿ, ಎಲ್ಲವೂ. ಅವರು ಫೋನಿನಲ್ಲಿ ಮಾತಾಡಿದರೆ ಕೋಣೆಯ ಆಚೆ ಕೂತವರಿಗೂ ಕೇಳುತ್ತಿತ್ತು.

"ಏನ್ ತಂಗಿ, ನಿಮ್ಮ ಅಣ್ಣಾರು ಅಲ್ಲೇ ಮಷೀನಿನ ಜೋಡಿ ಸಂಸಾರ ಹೂಡ್ಯಾರೇನು? ಮನಿಗೆ ಕಳಸು, ಔಷಧ ಹೊಡೆಯೋ ಆಳು ಬಂದು ಕುಂತಾವ."

ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ನಾನು ಮದುವೆಯಾಗಿ ಅದೇ ಊರಿನ ಜಲನಗರಕ್ಕೆ ಬಂದೆ. ಆಮೇಲೊಂದು ದಿನ ದೂರದ ನಗರದಲ್ಲಿದ್ದ ಮುಖ್ಯ ಕಚೇರಿಯವರು ಎಲ್ಲರನ್ನೂ ವಿಡಿಯೋ ಸಭೆಗೆ ಕರೆದರು. ಈ ಯಂತ್ರಗಳು ಹೋಗುತ್ತವೆ, ಅವು ಮಾಡುವ ಕೆಲಸವನ್ನೆಲ್ಲ ಇನ್ನು ಸಾಫ್ಟ್‌ವೇರ್ ಮಾಡುತ್ತದೆ, ಆ ಸಾಫ್ಟ್‌ವೇರ್ ಕ್ಲೌಡಿನಲ್ಲಿರುತ್ತದೆ ಎಂದರು. ಒಬ್ಬ ತರಬೇತುದಾರ ಚಿತ್ರ ಬರೆದು ವಿವರಿಸಿದ. ಇಷ್ಟು ದಿನ ಒಂದು ದೊಡ್ಡ ಯಂತ್ರ ಮಾಡುತ್ತಿದ್ದ ಕೆಲಸವನ್ನು ಸಣ್ಣ ಸಣ್ಣ ಪ್ರೋಗ್ರಾಂಗಳಾಗಿ ಒಡೆದು ಹಂಚುತ್ತಾರೆ. ಒಂದು ತುಂಡು ಕೆಟ್ಟು ನಿಂತರೆ ಅದರ ಜಾಗದಲ್ಲಿ ಅಂಥದ್ದೇ ಇನ್ನೊಂದು ತಾನಾಗಿ ಎದ್ದು ನಿಲ್ಲುತ್ತದೆ. ಮನುಷ್ಯರು ಕೈ ಹಚ್ಚಬೇಕಾಗಿಲ್ಲ. ಹೊಸ ಆವೃತ್ತಿ ಹಾಕಬೇಕಾದರೆ ಮೊದಲಿನಂತೆ ತಿಂಗಳುಗಟ್ಟಲೆ ಸಿದ್ಧತೆ ಬೇಡ. ಒಂದೊಂದೇ ಭಾಗಕ್ಕೆ, ಹಾಡುಹಗಲೇ, ಯಾರಿಗೂ ಗೊತ್ತಾಗದಂತೆ ಹಾಕಬಹುದು.

ಅಣ್ಣ ಕೈಯೆತ್ತಿ ಕೇಳಿದರು. "ಅದು ಕೆಟ್ಟರ ನಾವು ಎಲ್ಲಿಗೆ ಹೋಗಬೇಕ್ರಿ?"

"ನೀವು ಎಲ್ಲಿಗೂ ಹೋಗಬೇಕಿಲ್ಲ ಸರ್. ಅದೇ ಇದರ ಅನುಕೂಲ," ಎಂದ ತರಬೇತುದಾರ.

ಸುಳ್ಳು ಹೇಳಲಾರೆ, ನನಗೆ ಅದು ಬಹಳ ಹಿಡಿಸಿತು. ಆನ್‌ಲೈನ್ ತರಬೇತಿಯನ್ನು ಹೊಸ ಭಾಷೆ ಕಲಿಯುವಷ್ಟು ಹುರುಪಿನಿಂದ ಕಲಿತೆ. ಮಗಳನ್ನು ಸಾಲಿಗೆ ಕಳಿಸಿ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಣ್ಣನೂ ಪರೀಕ್ಷೆ ಬರೆದರು, ಪಾಸೂ ಆದರು. ಆದರೆ ಹೊಸ ತಂಡಕ್ಕೆ ಈ ಊರಿನಿಂದ ಒಬ್ಬರೇ ಸಾಕು ಎಂದರು. ಆ ಒಬ್ಬರು ನಾನಾದೆ. ಅಣ್ಣನನ್ನು ಟವರುಗಳ ಉಸ್ತುವಾರಿಗೆ ಹಾಕಿದರು. ತಿಕೋಟಾ, ಬಬಲೇಶ್ವರದ ಕಡೆ ಎಲ್ಲಿ ಕೇಬಲ್ ಕಡಿದರೂ, ಬ್ಯಾಟರಿ ಸತ್ತರೂ ಬೈಕು ಹತ್ತಿ ಹೋಗುವ ಕೆಲಸ.

"ಈ ವಯಸ್ಸಿನಾಗ ಬಿಸಲಾಗ ತಿರಗಸಾಕತ್ತಾರ ನೋಡು ತಂಗಿ," ಎಂದು ಒಮ್ಮೆ ಅಂದರು. ಆಮೇಲೆ ಆ ಮಾತು ತೆಗೆಯಲಿಲ್ಲ. ಕೋಣೆಯ ಯಂತ್ರಗಳನ್ನು ಕಳಚಿ ಲಾರಿಗೆ ಹೇರಿದ ದಿನ ಅವರು ರಜೆ ಹಾಕಿದ್ದರು. ನಾನು ನಿಂತು ನೋಡಿದೆ. ಹಮಾಲರು ಅವನ್ನು ಅಲ್ಮಾರಿ ಸಾಗಿಸಿದ ಹಾಗೆ ಮೆಟ್ಟಿಲಿನಿಂದ ಇಳಿಸಿದರು.

ಹೊಸ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ನನ್ನ ಪರದೆಯಲ್ಲಿ ನಮ್ಮ ಭಾಗದ ನಕ್ಷೆ, ಅದರ ಮೇಲೆ ಊರಿಗೊಂದು ಚುಕ್ಕೆ. ಎಲ್ಲ ಸರಿ ಇದ್ದರೆ ಹಸಿರು, ತೊಂದರೆ ಇದ್ದರೆ ಕೆಂಪು. ಕೆಂಪಾದದ್ದೂ ಎಷ್ಟೋ ಸಲ ನಾನು ನೋಡುನೋಡುತ್ತಲೇ ತಾನಾಗಿ ಹಸಿರಾಗುತ್ತಿತ್ತು. ಗ್ರಾಹಕರು ದೂರು ಕೊಟ್ಟರೆ ಅದನ್ನೂ ಮೊದಲು ಒಂದು ಪ್ರೋಗ್ರಾಂ ಓದುತ್ತಿತ್ತು. ಆ ಊರಿನ ಚುಕ್ಕೆ ಹಸಿರಿದ್ದರೆ, 'ನಿಮ್ಮ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂಬ ಸಂದೇಶ ಕಳಿಸಿ ದೂರನ್ನು ಮುಚ್ಚಿಬಿಡುತ್ತಿತ್ತು.

ಆ ದಿನ ಬೇಸಿಗೆಯ ಮಧ್ಯಾಹ್ನ. ಬೆಳಿಗ್ಗೆ ತಿಕೋಟಾ ಭಾಗಕ್ಕೆ ಹೊಸ ಆವೃತ್ತಿ ಹಾಕಿದ್ದರು. ಊಟಕ್ಕೆ ಏಳುವ ಮುಂಚೆ ದೂರುಗಳ ಪುಟ ತೆರೆದೆ. ತಿಕೋಟಾ ಸುತ್ತಲಿಂದ ಒಂದಾದ ಮೇಲೊಂದು ದೂರು ಬಂದಿದ್ದವು, ಎಲ್ಲವೂ ತಾವಾಗಿಯೇ ಮುಚ್ಚಿಹೋಗಿದ್ದವು. ಎಲ್ಲರದೂ ಒಂದೇ ಮಾತು: ರೇಂಜ್ ಪೂರ್ತಿ ತೋರಿಸುತ್ತದೆ, ಕರೆ ಹೋಗುವುದಿಲ್ಲ. ನಕ್ಷೆ ನೋಡಿದೆ. ತಿಕೋಟಾ ಹಸಿರು. ಘೋಣಸಗಿ ಹಸಿರು. ಆ ಸಾಲಿನ ಅಷ್ಟೂ ಊರು ಹಸಿರು.

ಅಣ್ಣ ಅಂದು ಬಬಲೇಶ್ವರದಲ್ಲಿ ಕೇಬಲ್ ಜೋಡಿಸುತ್ತಿದ್ದರು. ಅಲ್ಲಿಗೆ ಹೊಸ ಆವೃತ್ತಿ ಇನ್ನೂ ಹೋಗಿರಲಿಲ್ಲ, ಹಾಗಾಗಿ ಫೋನು ಹತ್ತಿತು.

"ಅಣ್ಣಾರ, ನಿಮ್ಮ ಕಡೆ ಯಾರಿಗರ ಒಂದ್ ಫೋನ್ ಹಚ್ಚಿ ನೋಡ್ರಿ."

ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಮಾಡಿದರು. "ಮನಿಗೆ ಹತ್ತವಲ್ದು. ತಿಕೋಟಾದಾಗ ನಮ್ಮ ಗೆಳ್ಯಾಗ ಹಚ್ಚಿದೆ, ಅದೂ ಇಲ್ಲ. ನಾ ಹೊಂಟೆ ಆ ಕಡೆ, ಟವರಿನ ಕೆಳಗ ನಿಂತು ನೋಡತೀನಿ."

ನಾನು ಮುಖ್ಯ ಕಚೇರಿಯ ತಂಡಕ್ಕೆ ಫೋನು ಮಾಡಿದೆ. ಅತ್ತ ಕಡೆ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, ಆ ಪಾಳಿಯ ಎಂಜಿನಿಯರ್. ಸಭ್ಯಳು, ಅವಸರದವಳಲ್ಲ.

"ಮೇಡಂ, ನಮ್ಮ ಕಡೆ ಎಲ್ಲ ಸರಿಯಾಗಿದೆ. ವಿಫಲವಾದ ಕರೆಗಳು ಶೂನ್ಯ ಅಂತ ತೋರಿಸ್ತಿದೆ."

"ದೂರು ಇಷ್ಟು ಬಂದಿವೆಯಲ್ಲ?"

"ಅವು ಕ್ಲೋಸ್ ಆಗಿವೆ ಮೇಡಂ."

"ತಾವಾಗಿಯೇ ಕ್ಲೋಸ್ ಆಗಿವೆ. ಯಾರೂ ಓದಿಲ್ಲ. ಹಳೆ ಆವೃತ್ತಿಗೆ ವಾಪಸ್ ಹೋಗಿ."

"ಹಾಗೆ ಮಾಡೋಕೆ ನನಗೆ ಅನುಮತಿ ಇಲ್ಲ ಮೇಡಂ. ಸಿಸ್ಟಮ್ ಕೆಂಪು ತೋರಿಸಿದ್ರೆ ಅದೇ ವಾಪಸ್ ಹೋಗುತ್ತೆ. ಈಗ ನಾನು ಕೇಳಬೇಕು ಅಂದ್ರೆ ಪುರಾವೆ ಕೊಡಬೇಕು. ಟವರ್ ಹತ್ತಿರ ಯಾರಾದ್ರೂ ಇದ್ದಾರಾ?"

ಅಣ್ಣ ಅಷ್ಟರಲ್ಲಿ ತಿಕೋಟಾ ದಾಟುವಲ್ಲಿ ಅಥಣಿ ರಸ್ತೆಯ ಪಕ್ಕದ ಟವರಿಗೆ ಬಂದಿದ್ದರು. ಅವರ ಕರೆ ನನಗೆ ಬರುವಂತಿರಲಿಲ್ಲ. ಇಂಟರ್ನೆಟ್ ಮಾತ್ರ ನಡೆಯುತ್ತಿತ್ತು. ವಾಟ್ಸಾಪಿನಲ್ಲಿ ಮಾತಾಡಿದೆವು. ಅವರು ಕರೆ ಹಚ್ಚುವುದು, ಪರದೆಯ ಚಿತ್ರ ತೆಗೆದು ನನಗೆ ಕಳಿಸುವುದು, ನಾನು ಅದನ್ನು ಆ ಹುಡುಗಿಗೆ ಕಳಿಸುವುದು. ಒಂದು ಫೋನಿನ ಚಿತ್ರ ಸಾಲದು, ಇನ್ನೊಂದು ಬೇಕು ಎಂದರು ಮುಖ್ಯ ಕಚೇರಿಯವರು. ಅಣ್ಣ ಪಕ್ಕದ ಚಹಾದ ಅಂಗಡಿಯವನ ಫೋನು ಇಸಿದುಕೊಂಡು ನೋಡಿದರು. ಆಮೇಲೆ ಫೋನಿನ ಒಳಗಿನ ದಾಖಲೆ ಬೇಕು ಎಂದರು. ಅದೂ ಹೋಯಿತು. ಇನ್ನೊಂದು ಟವರಿಗೆ ಹೋಗಿ ಇದನ್ನೇ ಮತ್ತೆ ಮಾಡಲು ಸಾಧ್ಯವೇ ಎಂದು ಕೇಳಿದರು.

"ತಂಗಿ, ಇವರಿಗೆ ಏನ್ ಬೇಕಾಗೇತಿ? ಹತ್ತವಲ್ದು ಅಂದ್ರ ಹತ್ತವಲ್ದು," ಎಂದು ಅಣ್ಣ ರೇಗಿದರು. ಆದರೂ ಮುಂದಿನ ಟವರಿಗೆ ಹೋದರು.

ಹಳೆ ಆವೃತ್ತಿಗೆ ಮರಳಲು ಅನುಮತಿ ಸಿಕ್ಕಾಗ ಬಿಸಿಲು ಇಳಿಯುತ್ತಿತ್ತು. ಮರಳುವ ಕೆಲಸಕ್ಕೆ ಹಿಡಿದದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು. ನನ್ನ ಪರದೆಯಲ್ಲಿ ಏನೂ ಬದಲಾಗಲಿಲ್ಲ. ಮೊದಲೂ ಹಸಿರು, ಆಮೇಲೂ ಹಸಿರು.

ಕರೆಗಳು ಶುರುವಾದವು. ಅಣ್ಣನಿಗೆ ಮೊದಲು ಬಂದದ್ದು ಅವರ ಸೊಸೆಯ ಕರೆ, ವಿಜಯಪುರದ ದವಾಖಾನೆಯಿಂದ.

ನಡೆದದ್ದನ್ನು ಸೊಸೆ ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೆ ಹೇಳಿದಳು. ಅವರ ಮನೆ ಊರೊಳಗಿಲ್ಲ, ತೋಟದಲ್ಲಿದೆ. ಮಧ್ಯಾಹ್ನ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಮಗ ಒಣದ್ರಾಕ್ಷಿ ಮಾರಲು ಗಾಡಿಯ ಜೊತೆ ಹೋಗಿದ್ದ. ವೈನಿ ನೀರಿನ ತಂಬಿಗೆ ಎತ್ತಲು ಹೋದರು. ತಂಬಿಗೆ ಕೈಯಿಂದ ಜಾರಿತು. ಬೈಯಲು ಬಾಯಿ ತೆರೆದರೆ ಮಾತು ತೊದಲಿತು, ಬಾಯಿ ಒಂದು ಬದಿಗೆ ಎಳೆಯಿತು.

"108ಕ್ಕ ಹಚ್ಚಿದೆರಿ ಅಕ್ಕಾರ. ಹಚ್ಚಿದ ಕೂಡ್ಲೆ ಕಟ್ ಆಗತಿತ್ತು. ಮಾವಗ ಹಚ್ಚಿದೆ, ನಮ್ಮ ಮನಿಯವ್ರಿಗೆ ಹಚ್ಚಿದೆ. ರೇಂಜಿನ ಡಂಡಿ ನೋಡಿದ್ರ ಪೂರಾ ಐತಿ. ನನ್ನ ಫೋನೇ ಕೆಟ್ಟೈತಿ ಅಂತ ಆಫ್ ಮಾಡಿ ಆನ್ ಮಾಡಿದೆ. ಅತ್ತಿ ಫೋನಿನಿಂದ ಹಚ್ಚಿದೆ. ಎರಡೂ ಒಂದ ಕಂಪನಿವು. ಆ ಗಾಬರ್ಯಾಗ ವಾಟ್ಸಾಪ್ ಹೊಳೀಲೇ ಇಲ್ಲ. ಕಡೀಕ ಅತ್ತೀನ ಅಲ್ಲೇ ಮಲಗಿಸಿ ರಸ್ತೆತನಾ ಓಡಿದೆ."

ರಸ್ತೆಯಲ್ಲಿ ಬಹಳ ಹೊತ್ತು ಯಾರೂ ಸಿಗಲಿಲ್ಲವಂತೆ. ಕೊನೆಗೆ ಖಾಲಿ ಕ್ರೇಟುಗಳನ್ನು ಹೇರಿಕೊಂಡು ಬರುತ್ತಿದ್ದ ಮೂರುಗಾಲಿಯ ಟಂಟಂನವನು ನಿಲ್ಲಿಸಿದ. ಕ್ರೇಟುಗಳನ್ನು ರಸ್ತೆಯ ಪಕ್ಕ ಇಳಿಸಿಟ್ಟು ತೋಟಕ್ಕೆ ಬಂದು, ವೈನಿಯನ್ನು ಎತ್ತಿ ಮಲಗಿಸಿಕೊಂಡು ವಿಜಯಪುರದ ದವಾಖಾನೆಗೆ ತಂದ.

ಮೆದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಸತ್ತಂತಾದವು, ಮಾತು ಹೋಯಿತು. ಇಂಥದ್ದರಲ್ಲಿ ಎಷ್ಟು ಬೇಗ ತಂದರೆ ಅಷ್ಟು ಒಳ್ಳೆಯದು ಎಂದ ವೈದ್ಯರು, ಬೇಗ ತಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಿಕ್ಕೂ ಬರುವುದಿಲ್ಲ ಎಂದರು.

ಅಣ್ಣ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಅಂಗಿಯ ಮೇಲೆ ಕೇಬಲ್ಲಿನ ಒಳಗಿನ ಜಿಗುಟು ಜೆಲ್ ಅಂಟಿಕೊಂಡಿತ್ತು. ನಾನು ಪಕ್ಕಕ್ಕೆ ಹೋಗಿ ಕೂತಾಗ ಅವರು ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ.

"ನಿನ್ನ ಪರದೇದಾಗ ನಮ್ಮೂರು ಏನ್ ತೋರಸಾಕತ್ತಿತ್ತು ತಂಗಿ?" ಎಂದು ಮೆಲ್ಲಗೆ ಕೇಳಿದರು.

"ಹಸಿರು ಅಣ್ಣಾರ."

ಅವರು ತಲೆಯಾಡಿಸಿದರು. ಆಮೇಲೆ ಅಂದರು, "ನಾ ಟವರಿನ ಕೆಳಗ ನಿಂತಾಗ ಎಷ್ಟೋ ಟಂಟಂ ಹಾದು ಹೋದೂ. ಅದರಾಗ ಒಂದರಾಗ ಅಕಿ ಇದ್ಳು. ನಾ ಫೋನ್ ನೋಡಕೋತ ನಿಂತಿದ್ದೆ."



ಕೆಲವು ದಿನಗಳ ಮೇಲೆ ಘಟನೆಯ ವಿಮರ್ಶೆಗೆ ಸಭೆ ಕರೆದರು. ಯಾರನ್ನೂ ದೂಷಿಸದೆ ಕಾರಣ ಹುಡುಕುವುದು ನಮ್ಮ ಪದ್ಧತಿ ಎಂದು ಮೊದಲೇ ಹೇಳಿದರು. ಕಾರಣ ಸಿಕ್ಕಿತು ಕೂಡ. ಹೊಸ ಆವೃತ್ತಿಯಲ್ಲಿ ಫೋನುಗಳು ಕರೆಯ ಸೇವೆಗೆ ಹೆಸರು ನೋಂದಾಯಿಸುವ ಹಂತದಲ್ಲೇ ತಡೆಯಾಗುತ್ತಿತ್ತು. ಹೀಗಾಗಿ ಕರೆ ವ್ಯವಸ್ಥೆಯ ಬಾಗಿಲಿಗೇ ಬರುತ್ತಿರಲಿಲ್ಲ. ಬಂದ ಕರೆಗಳಲ್ಲಿ ಎಷ್ಟು ವಿಫಲವಾದವು ಎಂದಷ್ಟೇ ನಮ್ಮ ಪರದೆ ಲೆಕ್ಕ ಹಾಕುತ್ತಿತ್ತು. ಬರಲೇ ಇಲ್ಲದ ಕರೆಗಳು ಅದರ ಪಾಲಿಗೆ ಇರಲೇ ಇಲ್ಲ. ಕರೆಗಳು ಕಡಿಮೆಯಾದದ್ದನ್ನು ಅದು ಗಮನಿಸಿತ್ತು. ಮಧ್ಯಾಹ್ನದ ಬಿಸಿಲು, ಜನ ಮಲಗಿರುವ ಹೊತ್ತು ಎಂದು ಸುಮ್ಮನಾಗಿತ್ತು.

ವರದಿಯಲ್ಲಿ 'ಗ್ರಾಹಕರ ಮೇಲೆ ಪರಿಣಾಮ: ಅಲ್ಪ' ಎಂದು ಬರೆದಿದ್ದರು. ನಾನು ಮೈಕ್ ಆನ್ ಮಾಡಿ ಘೋಣಸಗಿಯ ತೋಟದ ಮನೆಯ ವಿಷಯ ಹೇಳಿದೆ. ನಮ್ಮದೇ ಉದ್ಯೋಗಿಯ ಹೆಂಡತಿ ಎಂದೂ ಹೇಳಿದೆ.  ಸಭೆ ನಡೆಸುತ್ತಿದ್ದವರು ಮುಂದಿದ್ದ ಹಾಳೆ ತಿರುವಿದರು.

"ಬಹಳ ದುಃಖದ ವಿಷಯ. ಆದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ವೈದ್ಯರೇ ಹೇಳಿಲ್ಲ ಅಲ್ವಾ? ವರದಿಯಲ್ಲಿ ಹಾಕೋಕೆ ಬರಲ್ಲ."

"ಹೆಸರು ಹಾಕಬೇಡಿ. ಆ ಹೊತ್ತಿನಲ್ಲಿ ಒಂದು ಮನೆಯಿಂದ ಆಂಬ್ಯುಲೆನ್ಸಿಗೆ ಕರೆ ಹೋಗಲಿಲ್ಲ ಅಂತ ಹಾಕಿ. ಅದು ನಡೆದದ್ದು."

"ನೋಡೋಣ," ಎಂದರು. ಅಂತಿಮ ವರದಿಯಲ್ಲಿ ಆ ವಾಕ್ಯ ಇರಲಿಲ್ಲ.

ಆದರೆ ನಾನು ಕೇಳಿದ ಇನ್ನೊಂದು ಆಯಿತು. ಊರುಗಳ ಗುಂಪಿಗೊಂದರಂತೆ ನಿಜವಾದ ಫೋನು ಇಟ್ಟು, ಅದು ದಿನವಿಡೀ ತಾನಾಗಿ ಕರೆ ಮಾಡಿ ನೋಡುತ್ತಿರಬೇಕು ಎಂದು ಪತ್ರದ ಮೇಲೆ ಪತ್ರ ಬರೆದಿದ್ದೆ. ದೊಡ್ಡ ಊರುಗಳಿಗೆ ಮೊದಲು ಎಂದರು. ತಿಕೋಟಾಕ್ಕೆ ಬಂತು. ಘೋಣಸಗಿಗೆ ಬರಲಿಲ್ಲ.

ಒಂದು ದಿನ ಆ ಪಾಳಿಯ ಹುಡುಗಿ ತನ್ನ ಸ್ವಂತ ನಂಬರಿನಿಂದ ಫೋನು ಮಾಡಿದಳು. "ಅವರು ಹೇಗಿದ್ದಾರೆ ಮೇಡಂ?" ಎಂದು ಕೇಳಿದಳು. ಹೇಳಿದೆ. "ಎರಡನೇ ಟವರಿಗೆ ಹೋಗಿ ಅಂತ ಕೇಳಿದ್ದು ನಾನೇ. ನನಗೆ ಮೇಲಿನವರು ಹಾಗೇ ಕೇಳು ಅಂದ್ರು," ಎಂದಳು.  ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಸಿಟ್ಟು ಬರಬೇಕು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಹಳೆಯ ಕೋಣೆ ಇದ್ದಿದ್ದರೆ ತಪ್ಪು ಆಗುತ್ತಿರಲಿಲ್ಲ ಎಂದೇನಿಲ್ಲ. ಆ ಯಂತ್ರಗಳು ಕೆಟ್ಟು ಜಿಲ್ಲೆಗೆ ಜಿಲ್ಲೆಯೇ ಮೂಕವಾದ ದಿನಗಳನ್ನೂ ನೋಡಿದ್ದೇನೆ. ಆಗ ಕೆಂಪು ದೀಪ ಹತ್ತುತ್ತಿತ್ತು, ಅಣ್ಣ ಬೈಯುತ್ತ ಮೆಟ್ಟಿಲು ಹತ್ತುತ್ತಿದ್ದರು. ಅಷ್ಟೇ ವ್ಯತ್ಯಾಸ. ಆ ಅಷ್ಟೇ ವ್ಯತ್ಯಾಸ ನನ್ನನ್ನು ಇವತ್ತಿಗೂ ಕಾಡುತ್ತದೆ.

ಅಣ್ಣ ಕೆಲಸ ಬಿಟ್ಟರು. ಬಿಡಬೇಡಿರಿ ಎಂದು ನಾನು ಹೇಳಿದಾಗ, "ತ್ವಾಟ ಯಾರ್ ನೋಡ್ತಾರ? ಅಕೀನ ಯಾರ್ ನೋಡ್ತಾರ?" ಎಂದರು. ವಾರಕ್ಕೆರಡು ಸಲ ವೈನಿಯನ್ನು ವ್ಯಾಯಾಮ ಚಿಕಿತ್ಸೆಗೆಂದು ಜಲನಗರದ ಕ್ಲಿನಿಕ್ಕಿಗೆ ಕರೆತರುತ್ತಿದ್ದರು. ಮುಗಿಸಿ ನಮ್ಮ ಮನೆಗೆ ಬಂದು ಬಿಸಿಲು ತಗ್ಗುವ ತನಕ ಇರುತ್ತಿದ್ದರು. ವೈನಿಗೆ ಒಂದೊಂದೇ ಶಬ್ದ ತಿರುಗಿ ಬರತೊಡಗಿತ್ತು. ಬೇಕಾದ ಶಬ್ದ ಸಿಗದಿದ್ದರೆ ಎಡಗೈಯಿಂದ ತೊಡೆ ಬಡಿದುಕೊಳ್ಳುತ್ತಿದ್ದರು. ಆ ದೊಡ್ಡ ದನಿಯ ಹೆಣ್ಣುಮಗಳು ಹಾಗೆ ಬಾಯಿ ತೆರೆದು ಮಾತಿಗಾಗಿ ಕಾಯುವುದನ್ನು ನೋಡಲಾಗದೆ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ವೈನಿ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

"ನಮ್ಮ... ಊರ?" ಎಂದರು.

ನಾನು ಚುಕ್ಕೆ ತೋರಿಸಿದೆ. ಅವರು ಎಡಗೈ ಬೆರಳನ್ನು ಅದರ ಹತ್ತಿರ ತಂದರು, ಮುಟ್ಟಲಿಲ್ಲ.

"ಈಗ?"

"ಈಗ ಚೊಲೊ ಐತಿ ವೈನಿ."

"ಯಾರ... ಹೇಳ್ಯಾರ?"

ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದರು.  ಫೋನು ತೆಗೆದು ಘೋಣಸಗಿಯ ತೋಟದ ಮನೆಗೆ ಹಚ್ಚಿದೆ. ಸೊಸೆ ಎತ್ತಿದಳು. ಸ್ಪೀಕರ್ ಹಾಕಿ ವೈನಿಯ ಮುಂದೆ ಹಿಡಿದೆ. ವೈನಿ ಬಹಳ ಹೊತ್ತು ಶಬ್ದಕ್ಕಾಗಿ ತಡಕಾಡಿದರು. ಕೊನೆಗೆ "ನೀರ... ಬಿಟ್ಟೀ?" ಎಂದು ಕೇಳಿದರು. ಬಿಟ್ಟೀನ್ರಿ ಅತ್ತಿ, ಎಂದಳು ಆಕೆ. ಅದು ಅವರಿಗೆ ಸಾಕಾಯಿತು.

ಈಗ ಚಿಕಿತ್ಸೆ ಮುಗಿದಿದೆ. ವೈನಿ ಕೋಲು ಹಿಡಿದು ತೋಟದ ಬದುವಿನ ತನಕ ನಡೆಯುತ್ತಾರೆ. ಬಲಗೈ ಇನ್ನೂ ಬಂದಿಲ್ಲ. ಬರುತ್ತದೆ ಎಂದು ವೈದ್ಯರು ಹೇಳುವುದನ್ನೂ ನಿಲ್ಲಿಸಿದ್ದಾರೆ. ಆ ಪಾಳಿಯ ಹುಡುಗಿ ಬೇರೆ ಕಂಪನಿಗೆ ಹೋದಳು. ನಮ್ಮ ತಂಡಕ್ಕೆ ಮೊನ್ನೆ ಹೊಸ ಸೂಚನೆ ಬಂದಿದೆ. ಇನ್ನು ಮುಂದೆ ಪರದೆ ನೋಡುವ ಕೆಲಸವನ್ನೂ ಪ್ರೋಗ್ರಾಂ ಮಾಡುತ್ತದೆಯಂತೆ. ನಮ್ಮಲ್ಲಿ ಕೆಲವರಿಗಷ್ಟೇ ಜಾಗ ಉಳಿಯುತ್ತದೆ. ನಾನು ಉಳಿಯುತ್ತೇನೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ.

ಮುಂದಿನ ವಾರ ಇನ್ನೊಂದು ಹೊಸ ಆವೃತ್ತಿ ಬಬಲೇಶ್ವರಕ್ಕೆ ಹೋಗುತ್ತದೆ. ನನ್ನ ತವರು ಅಲ್ಲೇ. ತಮ್ಮ ಅಲ್ಲಿ ಕಾಳುಕಡಿಯ ಅಂಗಡಿ ನಡೆಸುತ್ತಾನೆ, ಅವನ ಹೆಂಡತಿಗೆ ತುಂಬಿದ ತಿಂಗಳು. ನಿನ್ನೆ ಅವನಿಗೆ ಫೋನು ಮಾಡಿ, ಬೇರೆ ಕಂಪನಿಯದೊಂದು ಸಿಮ್ ತಂದು ಮನೆಯಲ್ಲಿಡು ಎಂದೆ.

ಅವನು ನಕ್ಕ. "ಯಾಕಬೇ ಅಕ್ಕಾ, ನಿಮ್ಮ ಕಂಪನಿದು ಚೊಲೊ ಅದ ಅಂತ ನೀನ ಹೇಳತಿದ್ದೆಲ್ಲ?"

"ಚೊಲೊನ ಅದ," ಎಂದೆ. "ಆದ್ರೂ ಇವತ್ತ ಸಂಜೀಕ ಹೋಗಿ ತಗೊಂಡು ಬಾ."